ಮರುಭೂಮಿಯ ಕಣಿವೆಗಳಲ್ಲಿ ಶರತ್ಕಾಲ: ತಾರೀಖಿಗಿಂತ ಮೊದಲು ಎತ್ತರ ನೋಡಿ

(ಅಮೆರಿಕದ ನೈಋತ್ಯ ಭಾಗಕ್ಕೆ ಗೈಡೆಡ್ ಟೂರ್ ಹೊರಡುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಅಕ್ಟೋಬರ್ ಮೊದಲ ವಾರದ ಯಾವುದಾದರೂ ಒಂದು ದಿನ ತೆಗೆದುಕೊಳ್ಳಿ. ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್ ಅಂಚಿನಲ್ಲಿ ಬೆಳಗಿನ ಜಾವದ ಉಷ್ಣಾಂಶ ಸೊನ್ನೆಯ ಆಸುಪಾಸು. ಕಾರಿನ ಗಾಜಿನ ಮೇಲೆ ಕೂತ ಹಿಮವನ್ನು ಕೆರೆದು ತೆಗೆಯಬೇಕು. ಅಲ್ಲಿಂದ ಎರಡು ಗಂಟೆ ದೂರದ ಝಯಾನ್ ಕಣಿವೆಯ ತಳದಲ್ಲಿ ಮಧ್ಯಾಹ್ನಕ್ಕೆ ಅರ್ಧ ತೋಳಿನ ಅಂಗಿ ಸಾಕು. ಗ್ರ್ಯಾಂಡ್ ಕ್ಯಾನ್ಯನ್ ತಳದಲ್ಲಿ, ಕೊಲೊರಾಡೋ ನದಿಯ ದಡದಲ್ಲಿ, ಅದೇ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್.

ಈ ಮೂರೂ ಒಂದೇ ಪ್ರವಾಸದಲ್ಲಿ, ಒಂದೇ ವಾರದೊಳಗೆ ಬರುವ ಜಾಗಗಳು. ಹಾಗಾಗಿ "ಅಕ್ಟೋಬರ್‌ನಲ್ಲಿ ಹವೆ ಹೇಗಿರುತ್ತೆ?" ಅಂತ ಕೇಳಿದರೆ ನೆಟ್ಟಗಿನ ಉತ್ತರ ಸಿಗುವುದಿಲ್ಲ. "ಎಷ್ಟು ಎತ್ತರದಲ್ಲಿ?" ಅಂತ ಕೇಳಬೇಕು. ಯಾವಾಗ ಹೊರಡಬೇಕು, ಯಾವುದನ್ನು ಮೊದಲು ನೋಡಬೇಕು, ಪೆಟ್ಟಿಗೆಯಲ್ಲಿ ಏನಿರಬೇಕು, ಟೂರ್ ಕಂಪನಿಯ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಅನ್ನುವುದನ್ನೆಲ್ಲ ಎತ್ತರವೇ ತೀರ್ಮಾನಿಸುತ್ತದೆ. ಎತ್ತರದ ಜೊತೆಗೆ ನೀರು. ಇವತ್ತಿನ ಮಾತು ಈ ಎರಡರ ಸುತ್ತಲೇ.

ಮರುಭೂಮಿ ಅಂದ ತಕ್ಷಣ ನಮಗೆ ಕಣ್ಣಿಗೆ ಬರುವುದು ರಾಜಸ್ಥಾನದ ಮರಳು. ಇದು ಆ ಜಾತಿಯದಲ್ಲ. ಯೂಟಾ, ಅರಿಜೋನಾ, ಕೊಲೊರಾಡೋ, ನ್ಯೂ ಮೆಕ್ಸಿಕೋ ರಾಜ್ಯಗಳು ಸೇರುವಲ್ಲಿ ಹರಡಿರುವ ಕೊಲೊರಾಡೋ ಪ್ರಸ್ಥಭೂಮಿ ಇದು, ಭೂಮಿಯ ಒಳಗಿನ ಒತ್ತಡ ಮೇಲೆತ್ತಿ ನಿಲ್ಲಿಸಿದ ಬಂಡೆಯ ನೆಲ. ನದಿಗಳು ಅದನ್ನು ಕೊರೆದು ಕಣಿವೆ ಮಾಡಿವೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ನೀವು ಬಸ್ಸಿನಿಂದ ಕಾಲು ಕೆಳಗಿಡುವ ಜಾಗವೇ ಅದಕ್ಕಿಂತ ಎತ್ತರ, ಸುಮಾರು 2,100 ಮೀಟರ್. ಬ್ರೈಸ್‌ನ ಅಂಚು 2,400ರಿಂದ 2,700ರವರೆಗೆ ಏರುತ್ತದೆ. ಝಯಾನ್ ಕಣಿವೆಯ ತಳ 1,200, ಕಿರಿದಾದ ಸೀಳಿನಂಥ ಕಣಿವೆಯಾದ ಆಂಟೆಲೋಪ್ ಕ್ಯಾನ್ಯನ್ ಪಕ್ಕದ ಪೇಜ್ ಊರು 1,300, ಹೆಚ್ಚಿನವರು ವಿಮಾನ ಇಳಿಯುವ ಲಾಸ್ ವೇಗಸ್ ಬರೀ 600.

ಲಾಸ್ ವೇಗಸ್‌ನಲ್ಲಿ ಬೆಳಿಗ್ಗೆ ತಿಂಡಿ ತಿಂದು ಸಂಜೆಗೆ ಬ್ರೈಸ್ ತಲುಪುವ ಟೂರ್ ಒಂದೇ ದಿನದಲ್ಲಿ ನಿಮ್ಮನ್ನು 1,800 ಮೀಟರ್ ಮೇಲೆ ಹತ್ತಿಸುತ್ತದೆ. ತಲೆ ಭಾರ, ಏದುಸಿರು, ರಾತ್ರಿ ನಿದ್ದೆ ಬಾರದಿರುವುದು, ಇಷ್ಟು ಆಗಬಹುದು. ಹೆದರುವಂಥದ್ದಲ್ಲ, ಆದರೆ ಮರುದಿನದ ನಡಿಗೆ ಹಾಳಾಗುತ್ತದೆ. ನಡುವೆ ಝಯಾನ್‌ನಲ್ಲಿ ಎರಡು ರಾತ್ರಿ ಇಟ್ಟುಕೊಂಡರೆ ಮೈ ಹೊಂದಿಕೊಳ್ಳುತ್ತದೆ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು ಡಾಕ್ಟರಿಗೆ ಊರಿನ ಹೆಸರು ಹೇಳಿದರೆ ಸಾಲದು, ಎತ್ತರದ ಅಂಕಿಯನ್ನೇ ಹೇಳಿ ಸಲಹೆ ಪಡೆಯಬೇಕು.

ಎಲೆ ಬಣ್ಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ

ಶರತ್ಕಾಲದ ಜಾಹೀರಾತುಗಳಲ್ಲಿ ಹಳದಿ ಎಲೆ ಮತ್ತು ಕೆಂಪು ಬಂಡೆ ಒಂದೇ ಚಿತ್ರದಲ್ಲಿರುತ್ತವೆ. ಚಿತ್ರ ಸುಳ್ಳಲ್ಲ, ಆದರೆ ಅದು ಯಾವ ವಾರದ್ದು ಅಂತ ಯಾರೂ ಬರೆದಿರುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರಕ್ಕಿರುವ ಕೈಬಾಬ್ ಪ್ರಸ್ಥಭೂಮಿ, ಯೂಟಾದ 12ನೇ ಹೆದ್ದಾರಿ 2,900 ಮೀಟರ್ ದಾಟುವ ಬೌಲ್ಡರ್ ಮೌಂಟನ್, ಇಲ್ಲೆಲ್ಲ ಆಸ್ಪೆನ್ ಮರಗಳು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಹಳದಿಯಾಗುತ್ತವೆ. ಝಯಾನ್ ತಳದ ಕಾಟನ್‌ವುಡ್ ಮರಗಳಿಗೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಬರಬೇಕು. ಎರಡನ್ನೂ ಪೂರ್ಣ ಬಣ್ಣದಲ್ಲಿ ತೋರಿಸುವ ಒಂದು ವಾರ ಇಲ್ಲ. ಬಂಡೆಗಿಂತ ಎಲೆ ಮುಖ್ಯ ಅನ್ನುವವರು ಒಂದನ್ನು ಆರಿಸಿಕೊಳ್ಳಲೇಬೇಕು.

ದಸರಾ ರಜೆಗೆ ಬೆಂಗಳೂರಿನಿಂದ ಹೊರಡುವವರಿಗೆ ತಾರೀಖಿನ ಆಯ್ಕೆ ಕಡಿಮೆ. ರಜೆ ಸೆಪ್ಟೆಂಬರ್ ಕೊನೆಗೆ ಬಿದ್ದರೆ ಅಲ್ಲಿಯ ಮಾನ್ಸೂನ್‌ನ ಬಾಲ ಇನ್ನೂ ಇರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 30 ಅಲ್ಲಿಯ ಮಳೆಗಾಲದ ಲೆಕ್ಕ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ತಾರೀಖು ನಿಮ್ಮ ಕೈಯಲ್ಲೇ ಇದ್ದರೆ ಅಕ್ಟೋಬರ್ 10ರಿಂದ 25ರ ನಡುವೆ ಇಟ್ಟುಕೊಳ್ಳಿ. ಮಳೆ ಬಹುಮಟ್ಟಿಗೆ ಮುಗಿದಿರುತ್ತದೆ, ಬ್ರೈಸ್ ರಸ್ತೆಗಳು ಸಾಮಾನ್ಯವಾಗಿ ಹಿಮದಿಂದ ಮುಚ್ಚಿರುವುದಿಲ್ಲ, ಕಣಿವೆಯ ತಳ ನಡೆಯಲು ಹಿತವಾಗಿರುತ್ತದೆ. ಎತ್ತರದ ಆಸ್ಪೆನ್ ತಪ್ಪಿಹೋಗುತ್ತದೆ, ಹೋಗಲಿ.

ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ಅಂಚಿನ ವಿಷಯ ಬೇರೆ. ಅಲ್ಲಿ ವಸತಿ ಸೌಲಭ್ಯ ಸಾಮಾನ್ಯ ವರ್ಷಗಳಲ್ಲೇ ಅಕ್ಟೋಬರ್ 15ಕ್ಕೆ ಮುಚ್ಚುತ್ತದೆ. 2025ರ ಜುಲೈನ ಡ್ರ್ಯಾಗನ್ ಬ್ರಾವೋ ಕಾಳ್ಗಿಚ್ಚಿನಲ್ಲಿ ಅಲ್ಲಿದ್ದ ಐತಿಹಾಸಿಕ ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಸುಟ್ಟುಹೋಯಿತು. ನಿಮ್ಮ ಪಟ್ಟಿಯಲ್ಲಿ ಉತ್ತರ ಅಂಚು ಇದ್ದರೆ ಆ ವಾರ ಅಲ್ಲಿ ಏನೇನು ತೆರೆದಿದೆ ಅಂತ ಕೇಳದೆ ಮುಂಗಡ ಕೊಡಬೇಡಿ.

ಟೂರ್ ಪಟ್ಟಿಯನ್ನು ಓದುವುದು ಹೇಗೆ

ಸಾಮಾನ್ಯ ಸುತ್ತು ಹೀಗಿರುತ್ತದೆ. ಲಾಸ್ ವೇಗಸ್‌ನಿಂದ ಝಯಾನ್ ಬಾಗಿಲಿನ ಸ್ಪ್ರಿಂಗ್‌ಡೇಲ್‌ಗೆ 260 ಕಿಲೋಮೀಟರ್, ಅಲ್ಲಿಂದ ಬ್ರೈಸ್‌ಗೆ ಸುಮಾರು 140, ಬ್ರೈಸ್‌ನಿಂದ ಪೇಜ್‌ಗೆ 240, ಪೇಜ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿಗೆ 220, ಅಲ್ಲಿಂದ ಮರಳಿ ಲಾಸ್ ವೇಗಸ್‌ಗೆ 450. ಒಟ್ಟು 1,300 ಕಿಲೋಮೀಟರ್ ದಾಟುತ್ತದೆ. ಬಸ್ಸಿನಲ್ಲಿ ಊಟ, ಶೌಚ, ಪೆಟ್ರೋಲ್ ನಿಲುಗಡೆ ಸೇರಿಸಿದರೆ ಇಪ್ಪತ್ತು ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಇದನ್ನು ನಾಲ್ಕು ದಿನಕ್ಕೆ ತುರುಕಿದ ಟೂರ್‌ನಲ್ಲಿ ಒಂದೊಂದು ಪಾರ್ಕಿಗೆ ಎರಡು, ಮೂರು ಗಂಟೆ ಸಿಕ್ಕರೆ ಹೆಚ್ಚು. ಏಳು ರಾತ್ರಿಯಾದರೆ ಉಸಿರಾಡಬಹುದು: ಝಯಾನ್ ಎರಡು, ಬ್ರೈಸ್ ಒಂದು, ಪೇಜ್ ಎರಡು, ದಕ್ಷಿಣ ಅಂಚು ಎರಡು.

ಪಟ್ಟಿಯಲ್ಲಿ ಎಷ್ಟು ಪಾರ್ಕ್‌ಗಳ ಹೆಸರಿವೆ ಅಂತ ಎಣಿಸಬೇಡಿ. ಪ್ರತಿ ಜಾಗದಲ್ಲಿ ಬಸ್ಸು ನಿಂತ ಹೊತ್ತಿನಿಂದ ಹೊರಡುವ ಹೊತ್ತಿನವರೆಗೆ ಎಷ್ಟು ಗಂಟೆ ಅಂತ ಬರಹದಲ್ಲಿ ಕೇಳಿ. ಉತ್ತರ ಕೊಡಲು ಹಿಂಜರಿಯುವ ಕಂಪನಿಯನ್ನು ಅಲ್ಲಿಗೇ ಬಿಡಬಹುದು. ದಿನದ ಹಾದಿ ತೀರಾ ಉದ್ದವಿದ್ದರೆ ಇನ್ನೊಂದು ಲೆಕ್ಕವೂ ಕೆಲಸಕ್ಕೆ ಬರುತ್ತದೆ. ಅಮೆರಿಕದ ಕೇಂದ್ರ ನಿಯಮದಂತೆ ಪ್ರಯಾಣಿಕರ ಬಸ್ಸಿನ ಚಾಲಕ ಎಂಟು ಗಂಟೆ ವಿಶ್ರಾಂತಿಯ ನಂತರ ಹತ್ತು ಗಂಟೆ ಮಾತ್ರ ಓಡಿಸಬಹುದು, ನಡುವಿನ ಬಿಡುವು ಬಿಟ್ಟು ಕೆಲಸದ ಹೊತ್ತೇ ಹದಿನೈದು ಗಂಟೆ ಆದ ಮೇಲೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ರಾತ್ರಿ ಹತ್ತಕ್ಕೆ ಹೋಟೆಲ್ ಸೇರುವ ದಿನದಲ್ಲಿ ಒಬ್ಬನೇ ಚಾಲಕ ಇದ್ದರೆ ಅವನ ಬಿಡುವಿನ ಲೆಕ್ಕ ಕೇಳಿ.

'ಗ್ರ್ಯಾಂಡ್ ಕ್ಯಾನ್ಯನ್' ಅನ್ನುವ ಹೆಸರಿನಲ್ಲೂ ಒಂದು ತೊಡಕಿದೆ. ಲಾಸ್ ವೇಗಸ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಹಲವು ಟೂರ್‌ಗಳು ಕರೆದೊಯ್ಯುವುದು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್‌ಗೆ. ಗಾಜಿನ ನೆಲದ ಸ್ಕೈವಾಕ್ 2007ರಿಂದ ಇರುವುದು ಅಲ್ಲೇ. ಅದು ಹುವಾಲಪೈ ಎಂಬ ಮೂಲನಿವಾಸಿ ಜನರ ನೆಲ, ರಾಷ್ಟ್ರೀಯ ಉದ್ಯಾನದ ಭಾಗವಲ್ಲ, ಪಾರ್ಕ್ ಪಾಸ್ ಅಲ್ಲಿ ನಡೆಯುವುದಿಲ್ಲ. ನೋಡಬಾರದ ಜಾಗವೇನೂ ಅಲ್ಲ. ಆದರೆ ಕ್ಯಾಲೆಂಡರ್‌ಗಳಲ್ಲಿ ಕಾಣುವ ಪದರ ಪದರದ ಆ ವಿಸ್ತಾರ ಬೇಕಿದ್ದರೆ ದಕ್ಷಿಣ ಅಂಚಿಗೇ ಹೋಗಬೇಕು.

ಗೈಡ್ ಅಂದರೆ ಯಾರು ಅನ್ನುವುದನ್ನೂ ಬಿಡಿಸಿ ಕೇಳಿ. ದೊಡ್ಡ ಬಸ್ಸಿನ ಟೂರ್‌ಗಳಲ್ಲಿ 'ಗೈಡ್' ಎಂದರೆ ಹಲವು ಬಾರಿ ಹೋಟೆಲ್ ಕೀಲಿ ಹಂಚುವ, ಊಟದ ಹೊತ್ತು ಹೇಳುವ ಮ್ಯಾನೇಜರ್. ಕಣಿವೆಯೊಳಗೆ ನಿಮ್ಮ ಜೊತೆ ನಡೆಯುವವರಲ್ಲ. ಝಯಾನ್‌ನಲ್ಲಂತೂ ಪಾರ್ಕಿನ ಶಟಲ್ ಬಸ್ಸು ಓಡುವ ತಿಂಗಳುಗಳಲ್ಲಿ ಕಣಿವೆಯ ಮುಖ್ಯ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. 2000ದಿಂದ ಇದೇ ಪದ್ಧತಿ, ಅಕ್ಟೋಬರ್ ಪೂರ್ತಿ ಇದರೊಳಗೇ ಬರುತ್ತದೆ. ಝಯಾನ್‌ನಿಂದ ಪೂರ್ವಕ್ಕೆ ಬ್ರೈಸ್ ಕಡೆ ಹೋಗುವ ಮೌಂಟ್ ಕಾರ್ಮೆಲ್ ಸುರಂಗ 1930ರದ್ದು, 1.8 ಕಿಲೋಮೀಟರ್ ಉದ್ದ, ಅಗಲ ಕಡಿಮೆ. ದೊಡ್ಡ ಬಸ್ಸು ಒಳಗೆ ಬಂದರೆ ಎದುರಿನ ಸಾಲನ್ನು ನಿಲ್ಲಿಸಬೇಕಾಗುತ್ತಿತ್ತು. 2026ರ ಮಧ್ಯದಿಂದ ದೊಡ್ಡ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುವ ನಿರ್ಧಾರವನ್ನು ಪಾರ್ಕ್ ಪ್ರಕಟಿಸಿದೆ. 50 ಸೀಟಿನ ಬಸ್ಸು ಸುತ್ತುಬಳಸಿ ಹೋಗಬೇಕು, ಸುರಂಗದಾಚೆಯ ಅಲೆಅಲೆಯ ಬಿಳಿ ಬಂಡೆಗಳು ತಪ್ಪಿಹೋಗುತ್ತವೆ. ಹನ್ನೆರಡು, ಹದಿನಾಲ್ಕು ಜನರ ವ್ಯಾನ್ ಟೂರ್‌ಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಲು ಇದೊಂದೇ ಕಾರಣ ಸಾಕು.

ಗಡಿಯಾರದ ಗೊಂದಲ

ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದ ಬಹುಪಾಲು ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತವೆ. ಅರಿಜೋನಾ ಇಡುವುದಿಲ್ಲ. ಆದರೆ ಅರಿಜೋನಾದೊಳಗಿನ ನವಾಹೋ ಮೂಲನಿವಾಸಿಗಳ ಪ್ರದೇಶ ಇಡುತ್ತದೆ. ಅಂದರೆ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಹತ್ತು ಗಂಟೆಯಾದಾಗ ಝಯಾನ್, ಬ್ರೈಸ್‌ನಲ್ಲಿ ಹನ್ನೊಂದು, ಪೇಜ್‌ನಲ್ಲಿ ಮತ್ತೆ ಹತ್ತು, ನವಾಹೋ ನೆಲದ ಮಾನ್ಯುಮೆಂಟ್ ವ್ಯಾಲಿಯಲ್ಲಿ ಹನ್ನೊಂದು, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಹತ್ತು. ಆಂಟೆಲೋಪ್ ಕ್ಯಾನ್ಯನ್ ನವಾಹೋ ನೆಲದಲ್ಲಿದ್ದರೂ ಅಲ್ಲಿಯ ಟೂರ್‌ಗಳು ಪೇಜ್‌ನ ಸಮಯಕ್ಕೇ ನಡೆಯುತ್ತವೆ. ಮೊಬೈಲ್ ಯಾವ ಟವರ್ ಹಿಡಿಯುತ್ತದೋ ಆ ಗಂಟೆ ತೋರಿಸುತ್ತದೆ, ಗಡಿಯ ಹತ್ತಿರ ಕೂತಲ್ಲೇ ಒಂದು ಗಂಟೆ ಆಚೀಚೆ ಆಗುತ್ತದೆ. ಪೇಜ್‌ನಲ್ಲಿರುವಾಗ ಮೊಬೈಲಿನ ತಾನೇ ಬದಲಾಗುವ ಸಮಯವನ್ನು ನಿಲ್ಲಿಸಿ ಅರಿಜೋನಾದ ಫೀನಿಕ್ಸ್ ಸಮಯಕ್ಕೆ ಕೈಯಾರೆ ಹೊಂದಿಸಿ. ತಡವಾಗಿ ಬಂದವರ ಟಿಕೆಟ್ ಹಣ ವಾಪಸ್ ಬರುವುದಿಲ್ಲ.

ಆಂಟೆಲೋಪ್, ನ್ಯಾರೋಸ್: ನೀರಿನ ಮಾತು

ಆಂಟೆಲೋಪ್‌ಗೆ ಗೈಡ್ ಇಲ್ಲದೆ ಪ್ರವೇಶವೇ ಇಲ್ಲ. ಅಲ್ಲಿ ನಡೆದ ಒಂದು ದುರಂತ ತಿಳಿದಿದ್ದರೆ ಇಡೀ ಪ್ರದೇಶದ ಸ್ವಭಾವ ಅರ್ಥವಾಗುತ್ತದೆ. 1997ರ ಆಗಸ್ಟ್ 12ರಂದು ಲೋವರ್ ಆಂಟೆಲೋಪ್‌ನಲ್ಲಿದ್ದ 11 ಪ್ರವಾಸಿಗರು ದಿಢೀರ್ ಪ್ರವಾಹದಲ್ಲಿ ಸತ್ತರು. ಮಳೆ ಸುರಿದದ್ದು ಮೈಲಿಗಟ್ಟಲೆ ಮೇಲಿನ ಕಡೆ. ಈ ನೆಲದಲ್ಲಿ ಮಣ್ಣು ಕಡಿಮೆ, ಮರ ಇಲ್ಲ, ಮೇಲ್ಮೈ ಪೂರ್ತಿ ಬರಿ ಬಂಡೆ. ಬಿದ್ದ ನೀರು ಇಂಗದೆ ಹರಿದು ಒಂದು ಸಣ್ಣ ಸೀಳಿಗೆ ನುಗ್ಗುತ್ತದೆ. ಅಗಲ ಇಲ್ಲದ ಕಡೆ ನೀರಿಗೆ ಇರುವುದು ಮೇಲೇರುವ ದಾರಿ ಒಂದೇ. ತಲೆಯ ಮೇಲಿನ ಆಕಾಶ ನೀಲಿಯಾಗಿದ್ದರೂ ಗೈಡ್ 'ಇವತ್ತು ಇಲ್ಲ' ಅಂದರೆ ವಾದಿಸಬೇಡಿ, ಅವರು ನೋಡುತ್ತಿರುವುದು ಬೇರೆ ಕಡೆಯ ಆಕಾಶವನ್ನು. ಆ ದುರಂತದ ನಂತರ ಅಲ್ಲಿ ಬಂಡೆಗೆ ಬೋಲ್ಟ್ ಹಾಕಿ ಬಿಗಿದ ಏಣಿಗಳು, ಹವಾಮಾನ ರೇಡಿಯೋ, ಎಚ್ಚರಿಕೆಯ ಸೈರನ್ ಬಂದಿವೆ.

ಅಪ್ಪರ್, ಲೋವರ್ ಎರಡರಲ್ಲಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅಪ್ಪರ್‌ನ ಸೀಳು ಕೆಳಗೆ ಅಗಲ, ಮೇಲೆ ಕಿರಿದು. ಒಳಗಿನ ನೆಲ ಸಮತಟ್ಟು ಮರಳು, ಹೊರಬರುವ ದಾರಿಯಲ್ಲಿ ಮಾತ್ರ ಲೋಹದ ಮೆಟ್ಟಿಲು. ಲೋವರ್ ಇದಕ್ಕೆ ಉಲ್ಟಾ: ಮೇಲೆ ಅಗಲ, ಕಾಲ ಬುಡದಲ್ಲಿ ಕಿರಿದು, ಕಡಿದಾದ ಉಕ್ಕಿನ ಏಣಿಗಳು. ಮಂಡಿ ನೋವಿನವರಿಗೆ, ಮೈ ದಪ್ಪ ಇರುವವರಿಗೆ ಅಪ್ಪರ್ ಒಳ್ಳೆಯದು. ಫೋಟೋಗಳಲ್ಲಿ ಕಾಣುವ ಕಂಬದಂಥ ಬೆಳಕಿನ ಕೋಲು ಅಪ್ಪರ್‌ನಲ್ಲಿ ಬೀಳುವುದು ಸುಮಾರು ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ, ಅದೂ ನಡುಹಗಲಿನಲ್ಲಿ. ಆಮೇಲೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಕಿರಣ ತಳ ಮುಟ್ಟುವುದಿಲ್ಲ. ಅಕ್ಟೋಬರ್ 20ಕ್ಕೆ ಬೆಳಕಿನ ಕೋಲಿನ ಹೆಸರಿನಲ್ಲಿ ಹೆಚ್ಚು ದರದ ಮಧ್ಯಾಹ್ನದ ಟಿಕೆಟ್ ಕೊಳ್ಳುವುದು ದಂಡ. ಗೋಡೆಗಳ ಕಿತ್ತಳೆ, ನೇರಳೆ ಬಣ್ಣ ಮಾತ್ರ ಆಗಲೂ ಇರುತ್ತದೆ. ಬ್ಯಾಗು, ಟ್ರೈಪಾಡ್, ಸೆಲ್ಫಿ ಸ್ಟಿಕ್ ಒಳಗೆ ಬಿಡುವುದಿಲ್ಲ. ಮಾತ್ರೆ, ನೀರಿನ ಬಾಟಲಿ ಕೈಯಲ್ಲೋ ಜೇಬಿನಲ್ಲೋ ಇರಲಿ. ನವಾಹೋ ನೆಲದಲ್ಲಿ ಮದ್ಯಕ್ಕೆ ನಿಷೇಧವಿದೆ. ಅಲ್ಲಿಯ ಜನರ ಫೋಟೋವನ್ನು ಕೇಳದೆ ತೆಗೆಯಬಾರದು.

ಝಯಾನ್‌ನ ನ್ಯಾರೋಸ್‌ನಲ್ಲಿ ದಾರಿ ಅಂದರೆ ವರ್ಜಿನ್ ನದಿಯೇ. ಶಟಲ್‌ನ ಕೊನೆಯ ನಿಲ್ದಾಣವಾದ ಟೆಂಪಲ್ ಆಫ್ ಸಿನವಾವದಿಂದ 1.6 ಕಿಲೋಮೀಟರ್ ಸಿಮೆಂಟು ಹಾದಿ, ಅದು ಮುಗಿದಲ್ಲಿಂದ ನೀರೊಳಗೆ ನಡಿಗೆ. ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ, ಅಂದರೆ ಸುಮಾರು 4,250 ಲೀಟರ್ ದಾಟಿದರೆ ಪಾರ್ಕ್ ಇದನ್ನು ಮುಚ್ಚುತ್ತದೆ. ಪ್ರವಾಹದ ಎಚ್ಚರಿಕೆ ಬಂದರೂ ಮುಚ್ಚುತ್ತದೆ, ಎಚ್ಚರಿಕೆ ತೆಗೆದು ಎರಡು ಗಂಟೆ ಕಳೆಯುವವರೆಗೆ ಬಿಡುವುದಿಲ್ಲ. ಒಳಗಿರುವಾಗ ನೀರು ಇದ್ದಕ್ಕಿದ್ದಂತೆ ಕದಡಿದರೆ, ಕಸಕಡ್ಡಿ ತೇಲಿ ಬಂದರೆ, ಮೇಲಿನಿಂದ ಭೋರೆನ್ನುವ ಸದ್ದು ಕೇಳಿದರೆ ಆ ಕ್ಷಣವೇ ಎತ್ತರದ ಜಾಗ ಹುಡುಕಿ ಹತ್ತಬೇಕು. ಹಿಂದಕ್ಕೆ ಓಡಿ ನೀರನ್ನು ಮೀರಿಸಲು ಆಗುವುದಿಲ್ಲ.

ಅಕ್ಟೋಬರ್‌ನಲ್ಲಿ ಇಲ್ಲಿ ಜನ ಸೋಲುವುದು ಪ್ರವಾಹಕ್ಕಿಂತ ಹೆಚ್ಚಾಗಿ ಚಳಿಗೆ. ನೀರು 10 ಡಿಗ್ರಿ ಆಸುಪಾಸಿಗೆ ಇಳಿದಿರುತ್ತದೆ, ಎತ್ತರದ ಗೋಡೆಗಳ ನಡುವೆ ಬಿಸಿಲು ಬೀಳುವುದೇ ಕಡಿಮೆ. ಒದ್ದೆಯಾದ ಜೀನ್ಸ್ ಒಣಗುವುದಿಲ್ಲ, ಮೈ ಶಾಖವನ್ನು ಎಳೆಯುತ್ತಲೇ ಇರುತ್ತದೆ. ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುವ ನಿಯೋಪ್ರೀನ್ ಸಾಕ್ಸ್, ನೀರಿಗೆಂದೇ ಮಾಡಿದ ಶೂ, ನೀರು ಒಳಗೆ ಬಿಡದ ಪ್ಯಾಂಟ್, ಉದ್ದನೆಯ ಕೋಲು, ಈ ನಾಲ್ಕನ್ನೂ ತೆಗೆದುಕೊಳ್ಳಿ. ಕೋಲು ಶೋಕಿಗಲ್ಲ. ನದಿಯ ತಳದಲ್ಲಿ ಪಾಚಿ ಕಟ್ಟಿದ ಉರುಟು ಕಲ್ಲುಗಳಿವೆ, ಒಂದು ಕಾಲು ಎತ್ತುವಾಗ ಉಳಿದ ಕಾಲು ಮತ್ತು ಕೋಲು ಸೇರಿ ಎರಡು ಆಧಾರ ಇರಬೇಕು.

ಝಯಾನ್‌ನಲ್ಲೇ ಇರುವ ಏಂಜಲ್ಸ್ ಲ್ಯಾಂಡಿಂಗ್ ಶಿಖರದ ಬಗ್ಗೆ ಒಂದೇ ಮಾತು: 2022ರ ಏಪ್ರಿಲ್‌ನಿಂದ ಲಾಟರಿ ಪರ್ಮಿಟ್ ಬೇಕು. ಸರಪಳಿ ಹಿಡಿದು ಹತ್ತುವ ಆ ಕೊನೆಯ ಏಣು ಎತ್ತರಕ್ಕೆ ಹೆದರುವವರಿಗಲ್ಲ.

ಬ್ರೈಸ್: ಹಿಮ ಕೆತ್ತಿದ್ದು

ಹೆಸರಿನಲ್ಲಿ ಕ್ಯಾನ್ಯನ್ ಇದ್ದರೂ ಬ್ರೈಸ್ ನದಿ ಕೊರೆದ ಕಣಿವೆಯಲ್ಲ. ಪ್ರಸ್ಥಭೂಮಿಯ ಅಂಚು ಅರ್ಧಚಂದ್ರಾಕಾರದಲ್ಲಿ ಸವೆದು ಆದ ಬಯಲುಗಳ ಸಾಲು ಅದು. ಸುಣ್ಣಕಲ್ಲಿನ ಬಿರುಕಿಗೆ ಹಗಲು ಹಿಮ ಕರಗಿದ ನೀರು ಇಳಿಯುತ್ತದೆ. ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗಿ ಬಿರುಕನ್ನು ಸೀಳುತ್ತದೆ. ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ದಿನ ಇಲ್ಲಿ ಉಷ್ಣಾಂಶ ಸೊನ್ನೆಯನ್ನು ಮೇಲೂ ಕೆಳಗೂ ದಾಟುತ್ತದೆ. ಜೊತೆಗೆ ಸ್ವಲ್ಪ ಆಮ್ಲೀಯವಾದ ಮಳೆನೀರು ಸುಣ್ಣವನ್ನು ಕರಗಿಸಿ ಮೂಲೆಗಳನ್ನು ಉರುಟು ಮಾಡುತ್ತದೆ. ಮೊದಲು ಗೋಡೆ, ಗೋಡೆಯಲ್ಲಿ ಕಿಂಡಿ, ಕಿಂಡಿಯ ಮೇಲ್ಭಾಗ ಕುಸಿದಾಗ ಒಂಟಿ ಕಂಬ: ಹೂಡೂ. ಮೇಲಿನ ಪದರ ಗಟ್ಟಿ ಇದ್ದರೆ ಅದೇ ಟೊಪ್ಪಿಯಾಗಿ ಕಂಬವನ್ನು ಕೆಲಕಾಲ ಕಾಯುತ್ತದೆ. ಅಂಚಿನಲ್ಲಿ ನಿಂತು ಒಂದೇ ನೋಟದಲ್ಲಿ ಈ ಎಲ್ಲ ಹಂತಗಳನ್ನೂ ಗುರುತಿಸಬಹುದು. ಗೈಡ್ ಇದನ್ನು ತೋರಿಸದೆ 'ಇದು ರಾಣಿ, ಇದು ಸುತ್ತಿಗೆ' ಅಂತ ಆಕಾರಗಳ ಹೆಸರಷ್ಟೇ ಹೇಳುತ್ತಿದ್ದರೆ ರೇಂಜರ್‌ಗಳ ಉಚಿತ ಮಾತುಗಳಿಗೆ ಹೋಗಿ ಕೂರಿ.

ಇಳಿದು ನಡೆಯುವವರಿಗೆ ಕ್ವೀನ್ಸ್ ಗಾರ್ಡನ್ ಮತ್ತು ನವಾಹೋ ಲೂಪ್ ಸೇರಿ 4.7 ಕಿಲೋಮೀಟರ್. ಸನ್‌ರೈಸ್ ಪಾಯಿಂಟ್‌ನಲ್ಲಿ ಇಳಿದು ಸನ್‌ಸೆಟ್ ಪಾಯಿಂಟ್‌ನಲ್ಲಿ ಹತ್ತಿ, ಪಾರ್ಕ್ ಹೇಳುವ ದಿಕ್ಕೂ ಇದೇ. ನವಾಹೋ ಕಡೆಯ ಇಳಿಜಾರು ಕಡಿದು, ಸಡಿಲ ಜಲ್ಲಿಯ ಮೇಲೆ ಇಳಿಯುವಾಗ ಕಾಲು ಜಾರುತ್ತದೆ, ಹತ್ತುವಾಗ ಅಷ್ಟು ಜಾರುವುದಿಲ್ಲ. ಶೂ ಅಟ್ಟೆ ಸವೆದಿರಬಾರದು. ಇಳಿಯಲಾಗದವರಿಗೆ ಆ ಎರಡು ಪಾಯಿಂಟ್‌ಗಳ ನಡುವಿನ 800 ಮೀಟರ್ ಟಾರು ಹಾದಿ ಇದೆ, ಗಾಲಿಕುರ್ಚಿಯೂ ಹೋಗುತ್ತದೆ, ನೋಟಕ್ಕೇನೂ ಕೊರತೆಯಿಲ್ಲ. ರಾತ್ರಿ ಅಲ್ಲೇ ತಂಗಿದ್ದರೆ ಒಂಬತ್ತರ ಮೇಲೆ ಹೊರಗೆ ಬಂದು ಆಕಾಶ ನೋಡಿ, ಇಲ್ಲಿಯ ಕತ್ತಲೆಗೂ ಸಂರಕ್ಷಣೆ ಇದೆ.

ದಕ್ಷಿಣ ಅಂಚು

ಗ್ರ್ಯಾಂಡ್ ಕ್ಯಾನ್ಯನ್ 446 ಕಿಲೋಮೀಟರ್ ಉದ್ದ, ಅತಿ ಅಗಲವಿರುವಲ್ಲಿ 29 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ನೀವು ನಿಂತ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ, ತಳದ ಕಪ್ಪು ಶಿಲೆಗೆ 170 ಕೋಟಿ ವರ್ಷ. ಆ ತಳದ ಶಿಲೆಯ ಹೆಸರು ವಿಷ್ಣು ಶಿಸ್ಟ್. ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1880ರ ದಶಕದಲ್ಲಿ ಇಲ್ಲಿನ ಶಿಖರಗಳಿಗೆ ಪೂರ್ವ ದೇಶಗಳ ದೇವರ ಹೆಸರಿಡುವ ರೂಢಿ ಹಾಕಿದ. ವಿಷ್ಣು ಟೆಂಪಲ್, ಶಿವ ಟೆಂಪಲ್ ಆಗಿನವು, ನಕ್ಷೆಯಲ್ಲಿ ರಾಮ, ಕೃಷ್ಣರ ಹೆಸರಿನ ಶಿಖರಗಳೂ ಸಿಗುತ್ತವೆ. ಅಲ್ಲಿ ಗುಡಿಯೇನೂ ಇಲ್ಲ, ಬಂಡೆಯಷ್ಟೇ. ಆದರೂ ಜೊತೆಗೆ ಬಂದ ಅಜ್ಜ ಅಜ್ಜಿಯರಿಗೆ ನಕ್ಷೆ ಹಿಡಿದು ತೋರಿಸಿ.

ಪೇಜ್ ಕಡೆಯಿಂದ ಬರುವವರು ಡೆಸರ್ಟ್ ವ್ಯೂನಿಂದಲೇ ಶುರು ಮಾಡಬಹುದು. ಅಲ್ಲಿಯ ಕಲ್ಲಿನ ಗೋಪುರ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ್ದು, 1932ರದ್ದು. ಸಂಜೆಗೆ ಹರ್ಮಿಟ್ ರಸ್ತೆಯ ಹೋಪಿ ಪಾಯಿಂಟ್. ಮಾರ್ಚ್‌ನಿಂದ ನವೆಂಬರ್‌ವರೆಗೆ ಆ ರಸ್ತೆಗೆ ಶಟಲ್ ಬಸ್ಸಿನಲ್ಲೇ ಹೋಗಬೇಕು. ಸೂರ್ಯ ಮುಳುಗಿದ ಮರುಗಳಿಗೆಯೇ ಎಲ್ಲರೂ ಬಸ್ಸಿಗೆ ಸಾಲು ನಿಲ್ಲುತ್ತಾರೆ, ಉಷ್ಣಾಂಶವೂ ಆಗಲೇ ಸರ್ರನೆ ಇಳಿಯುತ್ತದೆ. ಸ್ವೆಟರ್ ಬಸ್ಸಿನಲ್ಲಿ ಬಿಟ್ಟು ಇಳಿಯಬೇಡಿ.

ಬ್ರೈಟ್ ಏಂಜಲ್ ಹಾದಿಯಲ್ಲಿ ಇಳಿಯುವವರು ಒಂದು ವಿಷಯ ಮನಸ್ಸಿನಲ್ಲಿಡಬೇಕು. ಬೆಟ್ಟ ಹತ್ತುವಾಗ ದಣಿವಾದರೆ ತಿರುಗಿ ಇಳಿಯಬಹುದು. ಇಲ್ಲಿ ದಣಿವು ಗೊತ್ತಾಗುವ ಹೊತ್ತಿಗೆ ಹತ್ತುವುದೆಲ್ಲ ಬಾಕಿ ಇರುತ್ತದೆ. ಪ್ರತಿ 300 ಮೀಟರ್ ಇಳಿದಂತೆ ಸುಮಾರು 3 ಡಿಗ್ರಿ ಸೆಖೆ ಏರುತ್ತದೆ. ಹತ್ತಲು ಇಳಿದದ್ದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ. ಗುಂಪಿನಲ್ಲಿ ಬಂದವರಿಗೆ ಒಂದೂವರೆ ಮೈಲಿಯ ವಿಶ್ರಾಂತಿ ಮನೆ, ಅಂದರೆ 2.4 ಕಿಲೋಮೀಟರ್, ಸಾಕು. ನದಿಯವರೆಗೆ ಹೋಗಿ ಅದೇ ದಿನ ಬರುವ ಸಾಹಸ ಬೇಡ ಅಂತ ಪಾರ್ಕ್ ಫಲಕ ಹಾಕಿ ಹೇಳುತ್ತದೆ. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ಗಲಿಬಿಲಿ ಶುರುವಾಗುತ್ತದೆ. ಚಕ್ಕುಲಿ, ಕೋಡುಬಳೆ, ಖಾರದ ಅವಲಕ್ಕಿ ಇದಕ್ಕೆ ಹೇಳಿ ಮಾಡಿಸಿದ ತಿನಿಸು. ಹಾದಿಯ ನಲ್ಲಿಗಳಲ್ಲಿ ನೀರಿದೆಯೋ ಇಲ್ಲವೋ ಅಂತ ಆ ದಿನ ಬೆಳಿಗ್ಗೆಯೇ ಕೇಳಿ. ಕಣಿವೆಗೆ ಅಡ್ಡಲಾಗಿ ಹಾಕಿದ ಪೈಪು 1960ರ ದಶಕದ್ದು, ಆಗಾಗ ಒಡೆಯುತ್ತದೆ, ಈಗ ಬದಲಿಸುತ್ತಿದ್ದಾರೆ.

ಸೆಪ್ಟೆಂಬರ್, ಅಕ್ಟೋಬರ್ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಗಳ ಬೆದೆಯ ಕಾಲ. ದಕ್ಷಿಣ ಅಂಚಿನ ಹೋಟೆಲ್ ಅಂಗಳದಲ್ಲೇ ಗಂಡು ಎಲ್ಕ್ ಓಡಾಡುತ್ತಿರುತ್ತದೆ. 30 ಮೀಟರ್ ದೂರ ಇರಿ. ಅಳಿಲಿಗೆ ತಿಂಡಿ ಕೊಡಬೇಡಿ, ಇಲ್ಲಿ ಬೆರಳು ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ಅದರಿಂದಲೇ.

ಟಿಕೆಟ್ ಹಣ

2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲಿನವರಿಗೆ ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಸೇರಿದೆ. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ವಾರ್ಷಿಕ ಪಾಸ್ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಭೇಟಿಗೆ ಬಂದ ಅಪ್ಪ ಅಮ್ಮ ಇಬ್ಬರೇ ಪಾಸಿಲ್ಲದೆ ಮೂರೂ ಪಾರ್ಕ್ ನೋಡಿದರೆ ಹೆಚ್ಚುವರಿ ಹಣವೇ 600 ಡಾಲರ್. ಸ್ವಂತ ಕಾರಿನ ಪ್ರವಾಸಕ್ಕೆ ಪಾಸ್ ಲಾಭ. ಬಸ್ ಟೂರ್ ಆದರೆ ಈ 100 ಡಾಲರ್ ಪ್ಯಾಕೇಜಿನ ಒಳಗೋ ಹೊರಗೋ ಅಂತ ಬರಹದಲ್ಲಿ ಕೇಳಿ. ಆಂಟೆಲೋಪ್, ಮಾನ್ಯುಮೆಂಟ್ ವ್ಯಾಲಿ, ಪೇಜ್ ನಗರಸಭೆ ನೋಡಿಕೊಳ್ಳುವ ಹಾರ್ಸ್‌ಶೂ ಬೆಂಡ್ (ಕೊಲೊರಾಡೋ ನದಿಯ ಕುದುರೆ ಲಾಳದಂಥ ತಿರುವು) ಪಾರ್ಕಿಂಗ್, ಇವಕ್ಕೆ ಪಾಸ್ ನಡೆಯುವುದಿಲ್ಲ.

ಸಭಿಕರ ಪ್ರಶ್ನೆಗಳಿಂದ

*ಎಪ್ಪತ್ತು ದಾಟಿದ ಅಮ್ಮನಿಗೆ ಮಂಡಿ ನೋವು. ಕರೆದುಕೊಂಡು ಹೋಗಬಹುದೇ?*

ಧಾರಾಳವಾಗಿ. ಝಯಾನ್‌ನಲ್ಲಿ ನದಿ ಪಕ್ಕದ ಆ ಸಿಮೆಂಟು ಹಾದಿ, ಬ್ರೈಸ್‌ನ ಟಾರು ಹಾದಿ, ದಕ್ಷಿಣ ಅಂಚಿನ ಸಮತಟ್ಟು ದಾರಿ, ಅಪ್ಪರ್ ಆಂಟೆಲೋಪ್. ಹಾರ್ಸ್‌ಶೂ ಬೆಂಡ್ ಹೋಗಿಬರಲು 2.4 ಕಿಲೋಮೀಟರ್, ನೆರಳಿಲ್ಲ, ಬೆಳಿಗ್ಗೆಯೇ ಮುಗಿಸಿ. ಹೋಟೆಲ್‌ನಲ್ಲಿ ಕೆಳ ಅಂತಸ್ತಿನ ಕೋಣೆ ಮೊದಲೇ ಕೇಳಿ, ಈ ಊರುಗಳ ಹಳೆಯ ಮೋಟೆಲ್‌ಗಳಲ್ಲಿ ಲಿಫ್ಟ್ ಇರುವುದಿಲ್ಲ.

*ಯೂಟಾದ ಆರ್ಚಸ್ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿಕೊಳ್ಳಬಹುದೇ?*

ಇನ್ನೂ ಮೂರು ದಿನ ಇದ್ದರೆ ಮಾತ್ರ. ಅಲ್ಲಿಯ ಕಲ್ಲಿನ ಕಮಾನು ಡೆಲಿಕೇಟ್ ಆರ್ಚ್‌ಗೆ ಹೋಗಿಬರಲು 4.8 ಕಿಲೋಮೀಟರ್ ನಡಿಗೆ, ಬರಿ ಬಂಡೆಯ ಏರು. ಅಲ್ಲಿ ನೆಲದ ಮೇಲಿನ ಕಪ್ಪು ಪೊರೆಯಂಥ ಮಣ್ಣನ್ನು ತುಳಿಯಬಾರದು. ಅದು ಜೀವಂತ ಪದರ, ಒಮ್ಮೆ ಒಡೆದರೆ ಕೂಡಲು ದಶಕಗಳೇ ಬೇಕು. ಆ ಕಡೆ ಹೋಗುವ ದಾರಿಯಲ್ಲಿ ಕ್ಯಾಪಿಟಲ್ ರೀಫ್ ಉದ್ಯಾನದ ಫ್ರೂಟಾ ತೋಟಗಳಿವೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸೇಬು ಕಾಯಿ ಬಿಟ್ಟಿದ್ದರೆ ನಾವೇ ಕಿತ್ತು, ತೂಗಿ, ದುಡ್ಡು ಡಬ್ಬಿಗೆ ಹಾಕಿ ತರಬಹುದು.

*ಸಸ್ಯಾಹಾರ ಸಿಗುತ್ತದೆಯೇ?*

ಸ್ಪ್ರಿಂಗ್‌ಡೇಲ್, ಪೇಜ್‌ನಲ್ಲಿ ಪರವಾಗಿಲ್ಲ. ಬ್ರೈಸ್ ಸುತ್ತ ಕಷ್ಟ, ಅಕ್ಟೋಬರ್‌ನಲ್ಲಿ ಬೇಗ ಮುಚ್ಚುವ ಹೋಟೆಲ್‌ಗಳೂ ಇವೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಇಟ್ಟುಕೊಳ್ಳಿ. ಕೋಣೆಯಲ್ಲಿ ಒಗ್ಗರಣೆ ಹಾಕುವ ಆಸೆ ಬೇಡ, ಹೊಗೆಯ ಅಲಾರಂ ಇಡೀ ಹೋಟೆಲನ್ನೇ ಅಂಗಳಕ್ಕೆ ಇಳಿಸುತ್ತದೆ.

*ಸರ್ಕಾರ ಸ್ಥಗಿತವಾದರೆ ಪಾರ್ಕ್ ಮುಚ್ಚುತ್ತದೆಯಂತೆ?*

ಶರತ್ಕಾಲಕ್ಕೇ ಅಂಟಿಕೊಂಡ ಅಪಾಯ ಇದು. ಅಲ್ಲಿಯ ಕೇಂದ್ರ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು, ಬಜೆಟ್ ಒಪ್ಪಿಗೆ ಆಗದಿದ್ದರೆ ಕಚೇರಿಗಳು ನಿಲ್ಲುತ್ತವೆ. 2013ರ ಅಕ್ಟೋಬರ್‌ನಲ್ಲಿ ಪಾರ್ಕ್‌ಗಳ ಬಾಗಿಲೇ ಮುಚ್ಚಿತ್ತು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗಿನ ಸ್ಥಗಿತದಲ್ಲಿ ಬಹುಪಾಲು ಪಾರ್ಕ್‌ಗಳು ತೆರೆದಿದ್ದವು, ಸಿಬ್ಬಂದಿ ಮಾತ್ರ ಕಡಿಮೆ. ನವಾಹೋ ಪಾರ್ಕ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಸುದ್ದಿ ನೋಡುತ್ತಿರಿ, ರದ್ದು ಮಾಡಿದರೆ ಹಣ ವಾಪಸ್ ಬರುವ ಹೋಟೆಲ್ ದರವನ್ನೇ ಆರಿಸಿ.

*ಆಂಟೆಲೋಪ್ ಟೂರ್ ಆ ದಿನವೇ ರದ್ದಾದರೆ?*

ಮಳೆಯಿಂದ ಕಂಪನಿಯವರೇ ರದ್ದು ಮಾಡಿದಾಗ ಏನು ಕೊಡುತ್ತಾರೆ, ಹಣವೋ ಬೇರೆ ಹೊತ್ತಿನ ಟಿಕೆಟ್ಟೋ ಅಂತ ಕೊಳ್ಳುವಾಗಲೇ ಓದಿಕೊಳ್ಳಿ. ಆ ದಿನಕ್ಕೆ ಪೇಜ್‌ನಲ್ಲೇ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಸಂದರ್ಶಕರ ಕೇಂದ್ರ ಇದೆ, 216 ಮೀಟರ್ ಎತ್ತರದ ಕಟ್ಟೆಯನ್ನು ಎದುರಿನಿಂದಲೇ ನೋಡಬಹುದು. ಪೇಜ್‌ಗೆ ಎರಡು ರಾತ್ರಿ ಹೇಳಿದ್ದು ಇದಕ್ಕೇ. ಎರಡು ರಾತ್ರಿ ಇದ್ದವರು ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಖಾಲಿ ಜಾಗ ಇದೆಯೇ ಅಂತ ಕೇಳಬಹುದು, ಒಂದೇ ರಾತ್ರಿಯವರು ಆ ಹೊತ್ತಿಗೆ ಗ್ರ್ಯಾಂಡ್ ಕ್ಯಾನ್ಯನ್ ದಾರಿಯಲ್ಲಿರುತ್ತಾರೆ.